ವಿದ್ಯಾರ್ಥಿಗಳ ಅಂತರ್ಜಾಲ ಮಾಹಿತಿ ಶೋಧ

ಪಾಠ, ಪರೀಕ್ಷೆ, ಪ್ರಬಂಧ, ಪ್ರಾಜೆಕ್ಟ್ ಅಥವಾ ಸಂಶೋಧನೆಗೆ ಬೇಕಾದ ವಿಷಯವನ್ನು ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಹುಡುಕಿ, ಸಿಕ್ಕಿದ್ದರಲ್ಲಿ ಆರಿಸಿ, ಸರಿ ತಪ್ಪು ನೋಡಿ, ತಮ್ಮ ಬರವಣಿಗೆಗೆ ಬಳಸಿಕೊಳ್ಳುವ ಇಡೀ ಕೆಲಸವೇ ಮಾಹಿತಿ ಶೋಧ. ಗೂಗಲ್‌ನಲ್ಲಿ ಪದ ಟೈಪ್ ಮಾಡುವುದು ಇದರ ಒಂದು ಚಿಕ್ಕ ಭಾಗ ಮಾತ್ರ. ಏನು ಕೇಳಬೇಕು ಎಂದು ಸ್ಪಷ್ಟಮಾಡಿಕೊಳ್ಳುವ ಕೆಲಸ ಅದಕ್ಕಿಂತ ಮೊದಲು ಬರುತ್ತದೆ. ಸಿಕ್ಕಿದ್ದನ್ನು ನಂಬಬಹುದೇ ಎಂದು ಪರೀಕ್ಷಿಸುವ ಕೆಲಸ ಆಮೇಲೆ ಬರುತ್ತದೆ. ಕಳೆದ ಮೂರು ದಶಕಗಳಲ್ಲಿ ನಡುವಿನ ಭಾಗ ತೀರಾ ಸುಲಭವಾಗಿದೆ. ಮೊದಲಿನದೂ ಕೊನೆಯದೂ ಹಿಂದೆ ಎಷ್ಟು ಕಷ್ಟವಾಗಿದ್ದವೋ ಈಗಲೂ ಅಷ್ಟೇ ಕಷ್ಟವಾಗಿವೆ. ಶಾಲೆ ಕಾಲೇಜುಗಳು ಕಲಿಸಬೇಕಾದದ್ದು ಆ ಎರಡನ್ನೇ. ಗ್ರಂಥಾಲಯ ವಿಜ್ಞಾನ, ಶಿಕ್ಷಣಶಾಸ್ತ್ರ, ಮನೋವಿಜ್ಞಾನ ಮತ್ತು ಕಂಪ್ಯೂಟರ್ ವಿಜ್ಞಾನ ಈ ವಿಷಯವನ್ನು ತಮ್ಮ ತಮ್ಮ ದಿಕ್ಕಿನಿಂದ ಅಧ್ಯಯನ ಮಾಡುತ್ತ ಬಂದಿವೆ.

ಹಿನ್ನೆಲೆ

ಅಂತರ್ಜಾಲ ಬರುವ ಮುಂಚೆ ವಿದ್ಯಾರ್ಥಿಯ ಹುಡುಕಾಟ ಗ್ರಂಥಾಲಯದ ಕಾರ್ಡ್ ಕ್ಯಾಟಲಾಗ್‌ನಿಂದ ಶುರುವಾಗುತ್ತಿತ್ತು. ಭಾರತದಲ್ಲಿ ಈ ವ್ಯವಸ್ಥೆಗೆ ಶಾಸ್ತ್ರೀಯ ಬುನಾದಿ ಹಾಕಿದವರು ಎಸ್. ಆರ್. ರಂಗನಾಥನ್. ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಸ್ಥಾಪಿಸಿದ ಡಿಆರ್‌ಟಿಸಿ ಕೇಂದ್ರ ಇಂದಿಗೂ ಮಾಹಿತಿ ವಿಜ್ಞಾನದ ಪಾಠ ಹೇಳುತ್ತಿದೆ. ಹಳೆಯ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿತ್ತು: ‘ನಿನಗೆ ನಿಜವಾಗಿ ಬೇಕಾಗಿರುವುದೇನು, ಯಾವ ತರಗತಿಗೆ, ಎಷ್ಟು ವಿವರವಾಗಿ’ ಎಂದು ಗ್ರಂಥಪಾಲಕರು ಎದುರು ಪ್ರಶ್ನೆ ಹಾಕುತ್ತಿದ್ದರು. ಆ ಮಾತುಕತೆಯಲ್ಲಿಯೇ ವಿದ್ಯಾರ್ಥಿಯ ಅಸ್ಪಷ್ಟ ಪ್ರಶ್ನೆ ತಿದ್ದಿಕೊಳ್ಳುತ್ತಿತ್ತು. ಹುಡುಕು ಯಂತ್ರ ಬಂದಮೇಲೆ ಆ ಎದುರು ಪ್ರಶ್ನೆ ಇಲ್ಲವಾಯಿತು; ಏನು ಕೊಟ್ಟರೂ ಅದು ಏನೋ ಒಂದು ಉತ್ತರ ಕೊಡುತ್ತದೆ.

ಅಂತರ್ಜಾಲದ ಮೊದಲ ಹುಡುಕು ಸಾಧನವೆನಿಸಿದ ‘ಆರ್ಚಿ’ಯನ್ನು 1990ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲನ್ ಎಮ್ಟಾಜ್ ರೂಪಿಸಿದ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರಿ ಯಾಂಗ್ ಮತ್ತು ಡೇವಿಡ್ ಫೈಲೊ ಶುರುಮಾಡಿದ ಯಾಹೂ, ಮನುಷ್ಯರೇ ವಿಂಗಡಿಸಿದ ಜಾಲತಾಣಗಳ ಪಟ್ಟಿಯಾಗಿತ್ತು. 1995ರಲ್ಲಿ ಬಂದ ಆಲ್ಟಾವಿಸ್ಟಾ ಪುಟಗಳ ಒಳಗಿನ ಪದಗಳನ್ನೇ ಹುಡುಕಿಕೊಡತೊಡಗಿತು. 1998ರಲ್ಲಿ ಅದೇ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಂಪನಿ ಕಟ್ಟಿದರು. 2001ರ ಜನವರಿ 15ರಂದು ವಿಕಿಪೀಡಿಯ ಶುರುವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ. ಹುಡುಕು ಸಾಧನಗಳ ಈ ಚರಿತ್ರೆಯ ಬಹುಪಾಲನ್ನು ಬರೆದವರು ವಿದ್ಯಾರ್ಥಿಗಳೇ ಎಂಬುದು ಗಮನಿಸಬೇಕಾದ ಸಂಗತಿ.

ಹುಡುಕು ಯಂತ್ರದ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಒಂದು ತಂತ್ರಾಂಶ ಲಿಂಕಿನಿಂದ ಲಿಂಕಿಗೆ ಹೋಗುತ್ತ ಪುಟಗಳ ಪ್ರತಿಯನ್ನು ತರುತ್ತದೆ. ಆಮೇಲೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿ ತಯಾರಾಗುತ್ತದೆ. ಪುಸ್ತಕದ ಕೊನೆಯ ಪದಸೂಚಿಯ ಕ್ರಮವೇ ಇದು. ಯಾರಾದರೂ ಪದ ಕೊಟ್ಟಾಗ ಸೂಚಿಯಲ್ಲಿ ಸಿಕ್ಕ ಪುಟಗಳಿಗೆ ಕ್ರಮಾಂಕ ಹಾಕುವುದು ಮೂರನೆಯ ಹಂತ. ಗೂಗಲ್‌ನ ಹೊಸತನ ಇದ್ದದ್ದು ಈ ಕೊನೆಯದರಲ್ಲಿ. ಒಂದು ಪುಟಕ್ಕೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಆ ಪುಟಗಳು ಸ್ವತಃ ಎಷ್ಟು ತೂಕದವು ಎಂದು ಲೆಕ್ಕ ಹಾಕುವ ‘ಪೇಜ್‌ರ‍್ಯಾಂಕ್’ ವಿಧಾನವನ್ನು ಅದು ತಂದಿತು. ಈಗ ಇನ್ನೂ ಅನೇಕ ಅಂಶಗಳು ಲೆಕ್ಕಕ್ಕೆ ಬರುತ್ತವೆ: ಹುಡುಕುವವರ ಊರು, ಭಾಷೆ, ಪುಟದ ಹೊಸತನ. ಇವೆಲ್ಲವೂ ಒಂದು ಪುಟ ಎಷ್ಟು ಸಂಬಂಧಪಟ್ಟದ್ದು, ಎಷ್ಟು ಜನಪ್ರಿಯ ಎಂಬುದರ ಅಂದಾಜು. ಪುಟದಲ್ಲಿ ಬರೆದದ್ದು ನಿಜವೇ ಎಂದು ಯಂತ್ರ ತಾನಾಗಿ ತೀರ್ಪು ಕೊಡುವುದಿಲ್ಲ. ಮೇಲಿನ ಸಾಲುಗಳಲ್ಲಿ ಹಣ ಕೊಟ್ಟು ಪಡೆದ ಜಾಹೀರಾತುಗಳೂ ಇರುತ್ತವೆ.

ವಿದ್ಯಾರ್ಥಿಗಳು ಹುಡುಕುವ ರೀತಿ

ಎಕ್ಸೈಟ್ ಎಂಬ ಹುಡುಕು ಯಂತ್ರಕ್ಕೆ ಬಂದ 51,473 ಪ್ರಶ್ನೆಗಳನ್ನು ವಿಶ್ಲೇಷಿಸಿ ಬರ್ನಾರ್ಡ್ ಜಾನ್ಸೆನ್, ಅಮಂಡಾ ಸ್ಪಿಂಕ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಆರಂಭದ ಮುಖ್ಯ ಕೆಲಸ. ಅಲ್ಲಿ ಒಂದು ಪ್ರಶ್ನೆಯ ಸರಾಸರಿ ಉದ್ದ 2.21 ಪದ. ಹೆಚ್ಚಿನವರು ಫಲಿತಾಂಶದ ಮೊದಲ ಪುಟ ಬಿಟ್ಟು ಮುಂದೆ ಹೋಗಿರಲಿಲ್ಲ. ಅದು ಎಲ್ಲ ಬಗೆಯ ಬಳಕೆದಾರರ ಅಧ್ಯಯನ. ವಿದ್ಯಾರ್ಥಿಗಳನ್ನೇ ಕೂರಿಸಿ ನಡೆಸಿದ ನಂತರದ ಪ್ರಯೋಗಗಳಲ್ಲಿಯೂ ಇದೇ ಚಿತ್ರ ಕಾಣುತ್ತದೆ.

ಅಂಥ ಪ್ರಯೋಗಗಳಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ್ದು ತುಂಬ ಹೆಸರಾಯಿತು. ಪದವಿ ವಿದ್ಯಾರ್ಥಿಗಳಿಗೆ ಕೆಲವು ಪ್ರಶ್ನೆ ಕೊಟ್ಟು ಗೂಗಲ್‌ನಲ್ಲಿ ಉತ್ತರ ಹುಡುಕಲು ಹೇಳಿ, ಅವರ ಕಣ್ಣು ಪರದೆಯ ಮೇಲೆ ಎಲ್ಲಿ ನಿಲ್ಲುತ್ತದೆಂದು ಉಪಕರಣದಿಂದ ಅಳೆದರು. ಕೆಲವರಿಗೆ ಫಲಿತಾಂಶಗಳನ್ನು ಗೂಗಲ್ ಕೊಟ್ಟ ಕ್ರಮದಲ್ಲಿ ತೋರಿಸಿದರು. ಕೆಲವರಿಗೆ ಒಂದನೆಯದನ್ನೂ ಎರಡನೆಯದನ್ನೂ ಅದಲು ಬದಲು ಮಾಡಿದರು. ಇನ್ನು ಕೆಲವರಿಗೆ ಇಡೀ ಪಟ್ಟಿಯನ್ನೇ ತಲೆಕೆಳಗು ಮಾಡಿಟ್ಟರು. ಹೀಗೆ ಬದಲಿಸಿದ ಸಂಗತಿ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಮೇಲೆ ಬಂದು ಕೂತ ಫಲಿತಾಂಶ ಪ್ರಶ್ನೆಗೆ ಅಷ್ಟಾಗಿ ಹೊಂದದೆ ಇದ್ದಾಗಲೂ ಬಹಳಷ್ಟು ಸಲ ಅವರು ಅದನ್ನೇ ಒತ್ತಿದರು. 2007ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಒಂದು ಮಾತು ಖಚಿತವಾಯಿತು: ವಿದ್ಯಾರ್ಥಿ ತಾನು ಓದಿ ಆರಿಸಿದೆ ಎಂದುಕೊಂಡಿರುತ್ತಾನೆ, ಆಯ್ಕೆಯ ದೊಡ್ಡ ಪಾಲನ್ನು ಅಷ್ಟರಲ್ಲಿ ಯಂತ್ರದ ಕ್ರಮಾಂಕವೇ ಮುಗಿಸಿರುತ್ತದೆ.

ಮೊಬೈಲ್ ಹಿಡಿದೇ ಬೆಳೆದ ಪೀಳಿಗೆಗೆ ಹುಡುಕುವ ವಿದ್ಯೆ ತಾನಾಗಿ ಬಂದಿರುತ್ತದೆ ಎಂಬ ನಂಬಿಕೆ ಪೋಷಕರಲ್ಲೂ ಶಿಕ್ಷಕರಲ್ಲೂ ಬಲವಾಗಿದೆ. ಅಮೆರಿಕದ ಮಾರ್ಕ್ ಪ್ರೆನ್ಸ್‌ಕಿ 2001ರಲ್ಲಿ ಈ ಪೀಳಿಗೆಯನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳೆಂದು ಕರೆದದ್ದು ಆ ನಂಬಿಕೆಗೆ ಇಂಬು ಕೊಟ್ಟಿತು. ಬ್ರಿಟಿಷ್ ಲೈಬ್ರರಿ ಮತ್ತು ಜಿಸ್ಕ್ ಸಂಸ್ಥೆಗಾಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ 2008ರಲ್ಲಿ ಸಿದ್ಧಪಡಿಸಿದ ವರದಿ ಇದನ್ನು ಒಪ್ಪಲಿಲ್ಲ. ಎಳೆಯರು ಸಾಧನವನ್ನು ಸಲೀಸಾಗಿ ಬಳಸುತ್ತಾರೆ. ಪುಟದಿಂದ ಪುಟಕ್ಕೆ ವೇಗವಾಗಿ ಹಾರುತ್ತ ಶೀರ್ಷಿಕೆ, ಸಾರಾಂಶಗಳ ಮೇಲೆ ಕಣ್ಣಾಡಿಸುತ್ತಾರೆ. ಸಿಕ್ಕಿದ್ದನ್ನು ತೂಗಿ ನೋಡಲು ಕೊಡುವ ಸಮಯ ಮಾತ್ರ ತೀರಾ ಕಡಿಮೆ ಎಂದು ಅದು ಹೇಳಿತು. ಬೆರಳಿನ ಚುರುಕನ್ನು ತಿಳಿವಳಿಕೆ ಎಂದು ಎಣಿಸುವುದು ತಪ್ಪು.

ವಿಕಿಪೀಡಿಯದ ವಿಚಾರದಲ್ಲಿ ವಿದ್ಯಾರ್ಥಿಗಳ ನಡೆ ಶಿಕ್ಷಕರು ಎಣಿಸುವುದಕ್ಕಿಂತ ಜಾಣತನದ್ದು. ಅಮೆರಿಕದಲ್ಲಿ ಅಲಿಸನ್ ಹೆಡ್ ಮತ್ತು ಮೈಕಲ್ ಐಸೆನ್‌ಬರ್ಗ್ ಕೈಗೊಂಡ ‘ಪ್ರಾಜೆಕ್ಟ್ ಇನ್ಫರ್ಮೇಷನ್ ಲಿಟರೆಸಿ’ ಅಧ್ಯಯನಗಳ ಪ್ರಕಾರ ಕಾಲೇಜು ವಿದ್ಯಾರ್ಥಿಗಳು ಅದನ್ನು ಬಳಸುವುದು ಹೆಚ್ಚಾಗಿ ಕೆಲಸದ ಆರಂಭದಲ್ಲಿ, ವಿಷಯದ ಹಿನ್ನೆಲೆ ಮತ್ತು ಪಾರಿಭಾಷಿಕ ಪದಗಳನ್ನು ತಿಳಿಯಲು. ಆಧಾರ ಗ್ರಂಥಗಳ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ವಿಕಿಪೀಡಿಯವನ್ನು ಪೂರ್ತಿ ನಿಷೇಧಿಸುವುದಕ್ಕಿಂತ, ಲೇಖನದ ಅಡಿಯಲ್ಲಿರುವ ಉಲ್ಲೇಖಗಳನ್ನು ಹಿಡಿದು ಮೂಲಕ್ಕೆ ಹೋಗುವುದನ್ನು ಕಲಿಸುವುದು ಹೆಚ್ಚು ಫಲ ಕೊಡುತ್ತದೆ.

ಹುಡುಕಾಟದ ಒಳಗಿನ ಮನಸ್ಸು

ಹುಡುಕುವವರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ವ್ಯವಸ್ಥಿತವಾಗಿ ಕೇಳಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಕುಲ್ತೌ. 1980ರ ದಶಕದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ದಿನಚರಿ, ಸಂದರ್ಶನಗಳಿಂದ ಶುರುಮಾಡಿ ಅವರು ಆರು ಹಂತಗಳ ಮಾದರಿಯೊಂದನ್ನು ರೂಪಿಸಿದರು. ಕೆಲಸ ಕೊಟ್ಟಾಗ ಆತಂಕ. ವಿಷಯ ಆಯ್ದಾಗ ಸ್ವಲ್ಪ ನೆಮ್ಮದಿ. ಆಮೇಲೆ ಓದಲು ತೊಡಗಿದಾಗ ಗೊಂದಲ ಮತ್ತೆ ಏರುತ್ತದೆ. ಒಂದು ಪುಸ್ತಕ ಹೇಳಿದ್ದು ಇನ್ನೊಂದರೊಡನೆ ಹೊಂದುವುದಿಲ್ಲ, ತನಗೆ ಏನೂ ಬರುವುದಿಲ್ಲ ಅನಿಸತೊಡಗುತ್ತದೆ. ತನ್ನದೇ ಒಂದು ನಿಲುವು ಮೂಡಿದಮೇಲೆ ಧೈರ್ಯ ಬರುತ್ತದೆ. ಆಮೇಲಿನ ಸಂಗ್ರಹ ಮತ್ತು ಬರವಣಿಗೆ ಸಲೀಸು. ಈ ನಡುವಿನ ಗೊಂದಲ ಕಲಿಕೆಯ ಲಕ್ಷಣವೇ ಹೊರತು ಸೋಲಲ್ಲ ಎಂಬುದು ಕುಲ್ತೌ ಅವರ ಮುಖ್ಯ ಪ್ರತಿಪಾದನೆ. ಬಹುಮಂದಿ ವಿದ್ಯಾರ್ಥಿಗಳು ಹುಡುಕಾಟ ಬಿಟ್ಟು ಸಿದ್ಧ ಉತ್ತರವೊಂದನ್ನು ನಕಲು ಮಾಡಲು ಹೊರಡುವುದು ಸರಿಯಾಗಿ ಈ ಹಂತದಲ್ಲಿ. ಶಿಕ್ಷಕರ ಒಂದು ಮಾತು ಅತ್ಯಂತ ಉಪಕಾರಿಯಾಗುವುದೂ ಆಗಲೇ.

ಮಾಹಿತಿ ವಿಜ್ಞಾನಿ ಮಾರ್ಸಿಯಾ ಬೇಟ್ಸ್ 1989ರಲ್ಲಿ ಮಂಡಿಸಿದ ಮಾದರಿ ಇನ್ನೊಂದು ಮುಖ ತೋರಿಸುತ್ತದೆ. ಒಂದೇ ಪ್ರಶ್ನೆ, ಒಂದೇ ಉತ್ತರ ಎಂಬ ಲೆಕ್ಕದಲ್ಲಿ ಯಾರೂ ಹುಡುಕುವುದಿಲ್ಲ. ಪೊದೆಯಿಂದ ಪೊದೆಗೆ ಹೋಗಿ ಹಣ್ಣು ಬಿಡಿಸಿದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಸಿಗುತ್ತದೆ, ಸಿಕ್ಕಿದ್ದನ್ನು ಓದಿದಂತೆ ಪ್ರಶ್ನೆಯೂ ಬದಲಾಗುತ್ತದೆ ಎಂದರು ಬೇಟ್ಸ್. ಅನುಭವಿ ಸಂಶೋಧಕರು ಹಾಗೆಯೇ ಕೆಲಸ ಮಾಡುತ್ತಾರೆ. ಹೊಸಬರು ಮೊದಲು ಬರೆದ ಪ್ರಶ್ನೆಗೇ ಅಂಟಿಕೊಂಡು, ಸಿಗದಿದ್ದರೆ ‘ಇಂಟರ್‌ನೆಟ್‌ನಲ್ಲಿ ಇಲ್ಲ’ ಎಂದುಬಿಡುತ್ತಾರೆ.

ಬೇಕಾದಾಗ ಗೂಗಲ್‌ನಲ್ಲಿ ಸಿಗುತ್ತದೆ ಎಂದಾದರೆ ನೆನಪಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆಯೇ ಎಂಬ ಪ್ರಶ್ನೆಯೂ ಚರ್ಚೆಯಲ್ಲಿದೆ. ಮನೋವಿಜ್ಞಾನಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಮಾಹಿತಿ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ತಿಳಿದವರು ಮಾಹಿತಿಯನ್ನು ಕಡಿಮೆ ನೆನಪಿಟ್ಟುಕೊಂಡರು. ಅವುಗಳಲ್ಲೊಂದನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. ಹಾಗಾಗಿ ಇದು ಇತ್ಯರ್ಥವಾದ ಸಂಗತಿಯಲ್ಲ.

ಭಾರತದ ಚಿತ್ರ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಮೊಬೈಲ್ ಸೇವೆ ಬಂದಮೇಲೆ ಡೇಟಾ ದರ ಕುಸಿಯಿತು. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳು ಹಳ್ಳಿ ಮನೆಗಳಿಗೂ ಸ್ಮಾರ್ಟ್‌ಫೋನ್ ತಂದವು. ಭಾರತದ ಹೆಚ್ಚಿನ ವಿದ್ಯಾರ್ಥಿಗಳು ಕಂಪ್ಯೂಟರನ್ನು ನೋಡುವ ಮೊದಲೇ ಮೊಬೈಲಿನಲ್ಲಿ ಹುಡುಕಲು ಕಲಿತವರು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76.

ಮೊಬೈಲ್ ಹುಡುಕಾಟದ ಗುಣವನ್ನೇ ಬದಲಿಸಿದೆ. ಚಿಕ್ಕ ಪರದೆಯಲ್ಲಿ ಎರಡು ಮೂರು ಫಲಿತಾಂಶಗಳಷ್ಟೇ ಒಮ್ಮೆಗೆ ಕಾಣುತ್ತವೆ. ಹಲವು ಪುಟಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ಹೋಲಿಸುವುದು ಕಷ್ಟ. ಅನೇಕ ಮಕ್ಕಳಿಗೆ ಮೊದಲ ಹುಡುಕು ಯಂತ್ರ ಯೂಟ್ಯೂಬ್. ಗಣಿತದ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ ತೋರಿಸುವ ವಿಡಿಯೋ, ಅರ್ಥವಾಗದ ಪಾಠವನ್ನು ತಮ್ಮದೇ ಭಾಷೆಯಲ್ಲಿ ಹೇಳಿಕೊಡುವ ದನಿ ಅವರಿಗೆ ಅಲ್ಲಿ ಸಿಗುತ್ತದೆ. ಟ್ಯೂಷನ್‌ಗೆ ಹಣವಿಲ್ಲದ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ವಿಡಿಯೋದಲ್ಲಿ ಹೇಳಿದ ಮಾತಿನ ಆಧಾರವನ್ನು ಪರೀಕ್ಷಿಸುವುದು ಬರೆದ ಪುಟಕ್ಕಿಂತ ಕಷ್ಟ. 2017ರ ಆಗಸ್ಟ್‌ನಲ್ಲಿ ಗೂಗಲ್ ಧ್ವನಿ ಹುಡುಕಾಟಕ್ಕೆ ಕನ್ನಡವೂ ಸೇರಿತು. ಕನ್ನಡ ಕೀಲಿಮಣೆ ರೂಢಿಯಿಲ್ಲದವರು ಮೈಕ್ ಒತ್ತಿ ಕೇಳುವುದು ಈಗ ಸಾಮಾನ್ಯ. ಮಾತಿನಲ್ಲಿ ಕೇಳುವಾಗ ಪ್ರಶ್ನೆ ಉದ್ದವಾಗಿ ಪೂರ್ಣ ವಾಕ್ಯವಾಗುವುದು ಇದರ ಒಂದು ಒಳ್ಳೆಯ ಪರಿಣಾಮ.

ಉನ್ನತ ಶಿಕ್ಷಣದಲ್ಲಿ ಸಾಧನಗಳು ಬೇರೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಸಂಶೋಧನಾ ಲೇಖನಗಳಂಥ ವಿದ್ವತ್ ಬರಹಗಳನ್ನು ಹುಡುಕುತ್ತದೆ. ಅದನ್ನು ಕಟ್ಟಿದವರಲ್ಲಿ ಖರಗ್‌ಪುರ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ ಪ್ರಮುಖರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಖರಗ್‌ಪುರ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದ ಬಾಗಿಲು ಶಾಲಾ ಮಕ್ಕಳಿಗೂ ತೆರೆದಿದೆ. ದುಬಾರಿ ನಿಯತಕಾಲಿಕಗಳ ಅಡ್ಡಗೋಡೆ ದಾಟಲು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಡಲಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಇದರಲ್ಲಿ ಸೇರಿವೆ. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳು ಇದರ ಫಲಾನುಭವಿಗಳು. ನಕಲಿನ ಮೇಲೆ ಕಣ್ಣಿಡಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದಕ್ಕಿಂತ ಮೇಲೆ ಪ್ರಮಾಣಕ್ಕೆ ತಕ್ಕಂತೆ ಕ್ರಮವಿದೆ.

ಸಿಕ್ಕಿದ್ದನ್ನು ಪರೀಕ್ಷಿಸುವುದು

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ತಂಡ ಅಮೆರಿಕದ 12 ರಾಜ್ಯಗಳ ವಿದ್ಯಾರ್ಥಿಗಳಿಂದ ಸಂಗ್ರಹಿಸಿದ 7,804 ಉತ್ತರಗಳ ಮೇಲೆ 2016ರಲ್ಲಿ ವರದಿ ಕೊಟ್ಟಿತು. ಮಾಧ್ಯಮಿಕ ಶಾಲೆಯ ಶೇ. 80ಕ್ಕೂ ಹೆಚ್ಚು ಮಕ್ಕಳು ‘ಪ್ರಾಯೋಜಿತ’ ಎಂದು ನಮೂದಿಸಿದ್ದ ಬರಹವನ್ನು ಸುದ್ದಿಯೆಂದೇ ತಿಳಿದಿದ್ದರು. ಮರುವರ್ಷ ಸಾರಾ ಮೆಗ್ರೂ ಜೊತೆ ವೈನ್‌ಬರ್ಗ್ ನಡೆಸಿದ ಹೋಲಿಕೆ ಇನ್ನೂ ಕಣ್ಣು ತೆರೆಸುವಂಥದ್ದು. 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು, 25 ಮಂದಿ ಸ್ಟ್ಯಾನ್‌ಫರ್ಡ್ ಪದವಿ ವಿದ್ಯಾರ್ಥಿಗಳ ಮುಂದೆ ಮಕ್ಕಳ ವೈದ್ಯರ ಎರಡು ಸಂಘಗಳ ಪುಟಗಳನ್ನಿಟ್ಟರು. ಒಂದು 1930ರಿಂದ ಇರುವ, ಹತ್ತಾರು ಸಾವಿರ ವೈದ್ಯರ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಬಂದ ಒಂದು ಸಣ್ಣ ಗುಂಪು. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಎರಡೂ ಪುಟ ನೋಡಲು ಚೊಕ್ಕವಾಗಿವೆ. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಸಣ್ಣ ಗುಂಪಿನದ್ದೇ ಹೆಚ್ಚು ನಂಬಲರ್ಹ ಎಂದರು. ಇತಿಹಾಸಕಾರರಲ್ಲಿಯೂ ಹಲವರು ತಡವರಿಸಿದರು. ಸತ್ಯಶೋಧಕರು ಮಾತ್ರ ಬೇಗ ಸರಿಯಾದ ತೀರ್ಮಾನಕ್ಕೆ ಬಂದರು.

ವ್ಯತ್ಯಾಸ ಇದ್ದದ್ದು ಜಾಣತನದಲ್ಲಲ್ಲ, ಕ್ರಮದಲ್ಲಿ. ವಿದ್ಯಾರ್ಥಿಗಳು ಆ ಪುಟದೊಳಗೇ ಉಳಿದು ಮೇಲಿನಿಂದ ಕೆಳಗೆ ಓದಿದರು. ಲೋಗೋ, ಅಚ್ಚುಕಟ್ಟುತನ, ಅಡಿಟಿಪ್ಪಣಿಗಳ ಸಂಖ್ಯೆ ನೋಡಿದರು. ಸತ್ಯಶೋಧಕರು ಒಂದೆರಡು ಕ್ಷಣದಲ್ಲೇ ಆ ಪುಟ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಇದನ್ನು ಅಡ್ಡ ಓದು ಎನ್ನಬಹುದು. ಮೈಕ್ ಕಾಲ್‌ಫೀಲ್ಡ್ ರೂಪಿಸಿದ ‘ಸಿಫ್ಟ್’ ಕ್ರಮವೂ ಇದೇ ಜಾಡಿನದು: ಹಂಚುವ ಮುಂಚೆ ನಿಲ್ಲು, ಹೇಳಿದವರು ಯಾರೆಂದು ವಿಚಾರಿಸು, ಅದೇ ವಿಷಯ ಇನ್ನೂ ಒಳ್ಳೆಯ ಕಡೆ ಇದೆಯೇ ನೋಡು, ಮಾತಿನ ಮೂಲಕ್ಕೆ ಹೋಗು. ಪುಟವನ್ನು ಒಳಗಿನಿಂದಲೇ ಅಳೆಯುವ ಹಳೆಯ ಪ್ರಶ್ನಾವಳಿಗಳಿಗಿಂತ ಇದು ಇಂದಿಗೆ ಹೆಚ್ಚು ಉಪಯುಕ್ತ. ಚಂದದ ಪುಟ ಕಟ್ಟುವುದು ಈಗ ಯಾರಿಗೂ ಕಷ್ಟವಿಲ್ಲ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಮೇಲೆ ಈ ಕೆಲಸ ಇನ್ನಷ್ಟು ಗಂಭೀರವಾಗಿದೆ. ಈ ಬಗೆಯ ಭಾಷಾ ಮಾದರಿ, ಓದಿದ ಅಪಾರ ಪಠ್ಯದ ಆಧಾರದ ಮೇಲೆ ಮುಂದೆ ಯಾವ ಪದ ಬರಬಹುದೆಂದು ಅಂದಾಜು ಮಾಡುತ್ತ ವಾಕ್ಯ ಕಟ್ಟುತ್ತದೆ. ಹಾಗಾಗಿ ಇಲ್ಲದ ಪುಸ್ತಕದ ಹೆಸರು, ಬರೆಯದ ಲೇಖನದ ಉಲ್ಲೇಖ ಅದರಿಂದ ಹೊರಬರುವುದುಂಟು. ಕೆಲವು ಸೇವೆಗಳು ಈಗ ಜಾಲವನ್ನು ಹುಡುಕಿ ಲಿಂಕ್ ಸಹಿತ ಉತ್ತರಿಸುತ್ತವೆ. ಗೂಗಲ್ ಕೂಡ 2024ರಿಂದ ಫಲಿತಾಂಶಗಳ ಮೇಲೆ ಯಂತ್ರ ಬರೆದ ಸಾರಾಂಶ ಇಡುತ್ತಿದೆ. ಅರ್ಥವಾಗದ ಪಾಠವನ್ನು ಸರಳಮಾಡಿ ಹೇಳಿಸಿಕೊಳ್ಳಲು, ಹುಡುಕಬೇಕಾದ ಪದಗಳನ್ನು ತಿಳಿಯಲು ಇವು ಒಳ್ಳೆಯ ಸಹಾಯಕರು. ಅಪಾಯವಿರುವುದು ಬೇರೆ ಕಡೆ: ಹತ್ತು ಲಿಂಕ್‌ಗಳ ಪಟ್ಟಿಯಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ ಎಂಬುದಾದರೂ ಕಾಣುತ್ತಿತ್ತು, ಒಂದೇ ನುಣುಪಾದ ಉತ್ತರದಲ್ಲಿ ಅದು ಮರೆಯಾಗುತ್ತದೆ, ಕುಲ್ತೌ ಹೇಳಿದ ಗೊಂದಲದ ಹಂತವೇ ಇಲ್ಲವಾಗುತ್ತದೆ. ಲಿಂಕ್ ತೆರೆದು, ಹೇಳಿದ ಮಾತು ಅಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದನ್ನು ಪ್ರತಿ ವಿದ್ಯಾರ್ಥಿಗೂ ಅಭ್ಯಾಸ ಮಾಡಿಸಬೇಕು.

ಕನ್ನಡದಲ್ಲಿ ಹುಡುಕಾಟ

ಕನ್ನಡ ಮಾಧ್ಯಮದ ವಿದ್ಯಾರ್ಥಿಯ ತೊಂದರೆಗಳಲ್ಲಿ ಕೆಲವು ಭಾಷೆಯ ರಚನೆಯಿಂದ, ಕೆಲವು ಚರಿತ್ರೆಯಿಂದ ಬಂದವು. ಕಿತ್ತೂರು ಚೆನ್ನಮ್ಮನ ಮೇಲೆ ಪ್ರಬಂಧ ಬರೆಯಬೇಕಾದ ಒಬ್ಬ ಹುಡುಗಿಯ ಕೆಲಸವನ್ನೇ ನೋಡಬಹುದು. ಹೆಸರು ‘ಚೆನ್ನಮ್ಮ’ ಎಂದೂ ‘ಚನ್ನಮ್ಮ’ ಎಂದೂ ಚಾಲ್ತಿಯಲ್ಲಿದೆ. ವಿಭಕ್ತಿ ಸೇರಿದಾಗ ಅದು ಚೆನ್ನಮ್ಮನ, ಚೆನ್ನಮ್ಮನಿಗೆ, ಚೆನ್ನಮ್ಮಳನ್ನು ಎಂದೆಲ್ಲ ಆಗುತ್ತದೆ. ಇವೆಲ್ಲ ಒಂದೇ ಹೆಸರು ಎಂದು ಯಂತ್ರ ಪ್ರತಿ ಸಲವೂ ಗುರುತಿಸುವುದಿಲ್ಲ. ಎರಡು ಕಾಗುಣಿತದಲ್ಲೂ ಒಮ್ಮೆ ಹುಡುಕಿ, ‘ಬೈಲಹೊಂಗಲ’, ‘ಥ್ಯಾಕರೆ’, ‘1824’ ಎಂಬಂಥ ಪದಗಳನ್ನು ಜೊತೆಗೆ ಸೇರಿಸಿದರೆ ಫಲಿತಾಂಶ ಬೇಗ ಹದಕ್ಕೆ ಬರುತ್ತದೆ. 1824ರ ಅಕ್ಟೋಬರ್ 23ರ ಕಾಳಗ, ಅಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ಹೆಚ್ಚಿನ ಕಡೆ ಒಂದೇ ರೀತಿ ಸಿಗುತ್ತದೆ. ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ದಿನ ಮಾತ್ರ ಕೆಲವು ಕಡೆ 1829ರ ಫೆಬ್ರುವರಿ 2, ಕೆಲವು ಕಡೆ ಫೆಬ್ರುವರಿ 21 ಎಂದಿದೆ. ಹತ್ತು ಪುಟಗಳಲ್ಲಿ ಒಂದೇ ದಿನಾಂಕ ಇದೆ ಎಂಬುದು ಹತ್ತು ಸಾಕ್ಷಿಗಳಾಗುವುದಿಲ್ಲ. ಒಂದು ಪುಟದಿಂದ ಒಂಬತ್ತು ಪುಟಗಳು ನಕಲಾಗಿರಬಹುದು. ಗೆಜೆಟಿಯರ್, ಇತಿಹಾಸ ಗ್ರಂಥ ಏನು ಹೇಳುತ್ತದೆಂದು ನೋಡಿ, ಎರಡು ದಿನಾಂಕಗಳೂ ಬಳಕೆಯಲ್ಲಿವೆ ಎಂದು ಬರೆಯುವುದು ಪ್ರಾಮಾಣಿಕ ಉತ್ತರ. ಅಷ್ಟು ಮಾಡಿದ ಹುಡುಗಿ ಸಂಶೋಧನೆಯ ಮೊದಲ ಪಾಠ ಕಲಿತಂತೆ.

ಹುಡುಕಲು ಏನಿದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿರುವುದು 30 ಸಾವಿರದ ಮೇಲಷ್ಟೇ. ಕರ್ನಾಟಕ ಜ್ಞಾನ ಆಯೋಗ ರೂಪಿಸಿದ ‘ಕಣಜ’ ಜಾಲತಾಣ, ಅಲ್ಲಿ ಸೇರಿದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು ನೆಚ್ಚಬಹುದಾದ ಮೂಲಗಳು. ಆದರೂ ‘ಪರಿಸರ ಮಾಲಿನ್ಯ ಪ್ರಬಂಧ’ ಎಂದು ಹುಡುಕುವ ಮಗುವಿಗೆ ಮೊದಲು ಎದುರಾಗುವುದು ಜಾಹೀರಾತಿಗಾಗಿ ಕಟ್ಟಿದ, ಯಂತ್ರಾನುವಾದದ ವಾಸನೆಯ ಸಿದ್ಧ ಪ್ರಬಂಧಗಳೇ.

ಒಳ್ಳೆಯ ಕನ್ನಡ ಬರಹ ಜಾಲದಲ್ಲಿದ್ದೂ ಸಿಗದೆ ಹೋಗುವುದು ಇನ್ನೊಂದು ನಷ್ಟ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ಕಣ್ಣಿಗೆ ಕನ್ನಡ ಅಕ್ಷರ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಹುಡುಕು ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಇಲಾಖೆಗಳ ಸುತ್ತೋಲೆ, ಪುಸ್ತಕ, ಪತ್ರಿಕೆಗಳ ಹಳೆಯ ಪಿಡಿಎಫ್‌ಗಳಲ್ಲಿ ಬಹಳಷ್ಟು ಈ ಬಗೆಯವು. ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಗ್ರಂಥಗಳ ಪಾಡೂ ಅದೇ. ಹಳೆಯ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ, ಚಿತ್ರದಲ್ಲಿರುವ ಕನ್ನಡವನ್ನು ಓದಿ ಪಠ್ಯವಾಗಿಸುವ ಒಸಿಆರ್ ತಂತ್ರಾಂಶಗಳೂ ಇಂದು ಉಚಿತವಾಗಿ ಸಿಗುತ್ತವೆ. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಮತ್ತು ಪ್ರಕಾಶಕರು ತಮ್ಮಲ್ಲಿರುವುದನ್ನು ಹೀಗೆ ಬದಲಿಸಿ ಜಾಲಕ್ಕೆ ಏರಿಸಿದರೆ, ಬರೆದು ಸಿದ್ಧವಾಗಿರುವ ಜ್ಞಾನದ ದೊಡ್ಡ ಪಾಲು ಕನ್ನಡ ವಿದ್ಯಾರ್ಥಿಯ ಹುಡುಕಾಟಕ್ಕೆ ಸಿಗುತ್ತದೆ. ಹೊಸ ಯೋಜನೆಗಳಿಗಿಂತ ಮೊದಲು ಆಗಬೇಕಾದ ಕೆಲಸ ಇದು.